ಅಲ್ಲೇನಿದೆ, ಬರೀ ಕೆಸರು!



ಕುಕ್ ಟೌನ್‌ನಿಂದ ಒಬ್ಬ ಹೆಣ್ಣುಮಗಳು ನಮ್ಮ ಚಾನೆಲ್‌ಗೆ ಪತ್ರ ಬರೆದಿದ್ದಾರೆ. ವಾಟ್ಸಾಪ್ ಅಲ್ಲ, ಕೈಬರಹದ ಪತ್ರ. ಅದಕ್ಕೇ ಮೊದಲು ಅವರಿಗೊಂದು ಧನ್ಯವಾದ. ಪತ್ರದ ಸಾರಾಂಶ ಹೇಳ್ತೀನಿ ಕೇಳಿ. "ಸಾರ್, ಮಕ್ಕಳ ರಜೆಗೆ ಅಂತ ಉತ್ತರ ಕನ್ನಡಕ್ಕೆ ಹೋಗಿದ್ವಿ. ಮುರುಡೇಶ್ವರ ನೋಡಿದ್ವಿ, ಗೋಕರ್ಣ ನೋಡಿದ್ವಿ. ಹೊನ್ನಾವರದ ಹತ್ತಿರ ಕಾಂಡ್ಲಾ ಕಾಡಿನ ನಡಿಗೆ ಇದೆ ಅಂದ್ರು, ಅಲ್ಲೂ ಇಳಿದ್ವಿ. ಹಲಗೆ ಮೇಲೆ ಕಾಲು ಗಂಟೆ ನಡೆದ್ವಿ. ಕೆಳಗೆ ಕೆಸರು, ಒಂಥರಾ ವಾಸನೆ, ನಾಲ್ಕು ಏಡಿ. ಮಕ್ಕಳಿಗೆ ಬೇಜಾರಾಯ್ತು. ಅಲ್ಲೇನಿದೆ ಅಂತ ಜನರನ್ನ ಕರೀತಾರೆ? ನೀವು ಟಿವಿಯಲ್ಲಿ ಕೇಳಬೇಕು."

ಕೇಳೋಣಮ್ಮಾ, ಖಂಡಿತ ಕೇಳೋಣ. ಆದ್ರೆ ಇವತ್ತು ನಾನು ಕೇಳೋದು ಸ್ವಲ್ಪ ಬೇರೆ ಥರ ಇರುತ್ತೆ.

"ಅಲ್ಲೇನೂ ಇಲ್ಲ, ಬರೀ ಕೆಸರು." ಈ ಮಾತು ಹೊಸದಲ್ಲ. ನಮ್ಮ ಬೆಂಗಳೂರಿಗಂತೂ ಚೆನ್ನಾಗಿ ಪರಿಚಯ ಇರೋ ಮಾತು. ಕುಕ್ ಟೌನ್‌ನಿಂದ ಆಟೋ ಹತ್ತಿ ಕಂಟೋನ್ಮೆಂಟ್ ಸ್ಟೇಷನ್ ದಾಟಿದ್ರೆ ಮಿಲ್ಲರ್ಸ್ ರೋಡ್ ಸಿಗುತ್ತೆ. ಯಾಕೆ ಆ ಹೆಸರು? ಅಲ್ಲಿ ಮಿಲ್ಲರ್ಸ್ ಟ್ಯಾಂಕ್ ಅನ್ನೋ ಕೆರೆಗಳ ಸಾಲಿತ್ತು. ದಂಡು ಪ್ರದೇಶಕ್ಕೆ ಕುಡಿಯೋ ನೀರು ಕೊಡ್ತಿದ್ದ ಕೆರೆಗಳು ಅವು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆ ಯಾಕೆ? ನೀರು ಕಡಿಮೆಯಾಯ್ತು, ಕೆರೆ ಕೆಸರಾಯ್ತು, ಕೆಸರು ಖಾಲಿ ಜಾಗ ಆಯ್ತು, ಖಾಲಿ ಜಾಗ ಕಟ್ಟಡ ಆಯ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಶೂಲೆ ಕೆರೆ ಫುಟ್‌ಬಾಲ್ ಮೈದಾನ ಆಯ್ತು. ಪ್ರತಿಯೊಂದಕ್ಕೂ ಯಾರೋ ಒಬ್ಬರು ಮೊದಲು ಹೇಳಿದ ಮಾತು ಒಂದೇ: ಅಲ್ಲೇನಿದೆ, ಬರೀ ಕೆಸರು!

ಅದೇ ಮಾತು ಈಗ ಕರಾವಳಿಗೆ ಹೋಗಿದೆ ವೀಕ್ಷಕರೇ. ಹಾಗಾಗಿ ಆ ಹಲಗೆಯ ಕೆಳಗೆ ಏನಿತ್ತು ಅನ್ನೋದನ್ನ ಇವತ್ತು ನಿಧಾನವಾಗಿ ನೋಡೋಣ.

ಮೊದಲು ಜಾಗ ಅರ್ಥ ಮಾಡ್ಕೊಳ್ಳಿ. ಘಟ್ಟದಿಂದ ಇಳಿದ ನದಿ ಸಮುದ್ರ ಸೇರೋ ಜಾಗಕ್ಕೆ ಅಳಿವೆ ಅಂತಾರೆ. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತೆ, ಎರಡು ಸಲ ಹಿಂದೆ ಸರಿಯುತ್ತೆ. ಭರತ, ಇಳಿತ. ಭರತದಲ್ಲಿ ನೋಡಿದ್ರೆ ಅದು ನೀರು, ಇಳಿತದಲ್ಲಿ ನೋಡಿದ್ರೆ ನೆಲ. ಈ ಉಪ್ಪು ಜೌಗಿನಲ್ಲಿ ನಮ್ಮ ಮಾವು, ಹಲಸು ಬದುಕಲ್ಲ. ಬೇರಿಗೆ ಗಾಳಿ ಸಿಗಲ್ಲ, ಉಪ್ಪು ಸುಡುತ್ತೆ. ಅಲ್ಲಿ ಬದುಕೋದು ಕಾಂಡ್ಲಾ. ಅದರ ಬೇರು ಕೊಡೆಯ ಕಡ್ಡಿ ಥರ ಮೇಲಿನಿಂದ ಇಳಿದು ಕೆಸರನ್ನ ಹಿಡಿದುಕೊಂಡಿರುತ್ತೆ. ಇನ್ನೊಂದು ಜಾತಿಯಲ್ಲಿ ಬೇರು ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಮೇಲಕ್ಕೆ ಎದ್ದು ಉಸಿರಾಡುತ್ತೆ. ಬೀಜ ಮರದಲ್ಲೇ ಮೊಳಕೆ ಒಡೆದು ಸಸಿಯಾಗಿ ಬೀಳುತ್ತೆ. ಕೆಳಗೆ ಬಿದ್ದ ಮೇಲೆ ಮೊಳೆಯೋಣ ಅಂದ್ರೆ ಅಷ್ಟರಲ್ಲಿ ನೀರು ಕೊಚ್ಚಿಕೊಂಡು ಹೋಗಿರುತ್ತೆ!

ಇನ್ನು ಆ ವಾಸನೆ. ಅದು ಚರಂಡಿ ವಾಸನೆ ಅಲ್ಲ ತಾಯಿ. ಉದುರಿದ ಎಲೆ ಗಾಳಿ ಇಲ್ಲದ ಕೆಸರಿನಲ್ಲಿ ಕೊಳೆಯೋ ವಾಸನೆ. ಆ ಕೊಳೆತ ಎಲೆಯೇ ಸಣ್ಣ ಜೀವಿಗಳಿಗೆ ಊಟ. ಸಣ್ಣ ಜೀವಿ ಸಿಗಡಿ ಮರಿಗೆ, ಮೀನು ಮರಿಗೆ ಊಟ. ಕಾಂಡ್ಲಾ ಬೇರುಗಳ ಸಂದಿ ಮೀನುಮರಿಗಳ ಅಂಗನವಾಡಿ ಇದ್ದ ಹಾಗೆ. ದೊಡ್ಡ ಮೀನು ಅಲ್ಲಿಗೆ ನುಗ್ಗೋಕಾಗಲ್ಲ. ಶಿವಾಜಿನಗರದ ರಸಲ್ ಮಾರ್ಕೆಟ್‌ನಲ್ಲಿ ನೀವು ಚೌಕಾಸಿ ಮಾಡಿ ತರೋ ಸಮುದ್ರದ ಮೀನು, ಸಿಗಡಿಯಲ್ಲಿ ಎಷ್ಟೋ ಜಾತಿಗಳ ಬಾಲ್ಯ ಇಂಥ ಕೆಸರಿನಲ್ಲೇ ಕಳೆದಿರುತ್ತೆ.

ಬಿರುಗಾಳಿ, ದೊಡ್ಡ ಅಲೆ ಬಂದಾಗ ಮೊದಲ ಏಟು ತಿನ್ನೋದೂ ಇದೇ ಕಾಡು. 2004ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಸುತ್ತ, ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಲ್ಲಿ ಹಾನಿ ಕಡಿಮೆ ಆಗಿದ್ದನ್ನ ಇಡೀ ದೇಶ ನೋಡಿದೆ.

ಸರಿ, ಇದು ಹಲಗೆ ಮೇಲಿಂದ ಕಾಣೋದು. ಈಗ ಕಾಣದೇ ಇರೋದು ಹೇಳ್ತೀನಿ.

ಹೊನ್ನಾವರದಲ್ಲಿ ನೀವು ನಿಂತಿದ್ದು ಶರಾವತಿ ಅಳಿವೆಯಲ್ಲಿ. ಅಲ್ಲಿಂದ ಉತ್ತರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದ್ರೆ ಕುಮಟಾ ತಾಲ್ಲೂಕಿನಲ್ಲಿ ಇನ್ನೊಂದು ಅಳಿವೆ ಇದೆ, ಅಘನಾಶಿನಿ. ಎರಡೂ ಘಟ್ಟದ ನದಿಗಳೇ. ಎರಡೂ ಅದೇ ಅರಬ್ಬಿ ಸಮುದ್ರಕ್ಕೆ ಸೇರೋದು. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಶರಾವತಿಗೆ ಅಣೆಕಟ್ಟೆ ಇದೆ. 1964ರಲ್ಲಿ ಲಿಂಗನಮಕ್ಕಿ ಆಯ್ತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಅಘನಾಶಿನಿ ಸಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರೋವರೆಗೆ ಒಂದೇ ಒಂದು ಅಣೆಕಟ್ಟೆ ಇಲ್ಲದೆ ಹರಿಯೋ ನದಿ.

ಇದರಿಂದ ಏನಾಯ್ತು? ಅಳಿವೆ ಬದುಕೋದು ಉಪ್ಪು ಮತ್ತು ಸಿಹಿಯ ಹದದ ಮೇಲೆ. ಮಳೆಗಾಲದಲ್ಲಿ ಸಿಹಿ ಹೆಚ್ಚು, ಬೇಸಿಗೆಯಲ್ಲಿ ಉಪ್ಪು ಹೆಚ್ಚು. ಆ ಕ್ಯಾಲೆಂಡರ್‌ಗೆ ಹೊಂದಿಕೊಂಡು ಅಲ್ಲಿನ ಜೀವಿಗಳು ಸಾವಿರಾರು ವರ್ಷದಿಂದ ಬದುಕಿವೆ. ಶರಾವತಿಯಲ್ಲಿ ಕರೆಂಟ್ ಉತ್ಪಾದನೆಗೆ ವರ್ಷ ಪೂರ್ತಿ ನೀರು ಬಿಡ್ತಾರೆ. ಬೇಸಿಗೆಯಲ್ಲೂ ಸಿಹಿನೀರು ಬಂದು ಅಳಿವೆಯ ಉಪ್ಪು ತಗ್ಗಿತು. ಉಪ್ಪು ಬೇಕಾದ ಚಿಪ್ಪಿಕಲ್ಲು ಅಲ್ಲಿ ಬಹುತೇಕ ಹೋಯ್ತು. ಇದನ್ನ ಅಧ್ಯಯನ ಮಾಡಿ ಹೇಳಿದ್ದು ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು. ಅದೇ ಸಂಸ್ಥೆಯವರು ಅಘನಾಶಿನಿಯಲ್ಲಿ ಲೆಕ್ಕ ಹಾಕಿದಾಗ ಚಿಪ್ಪಿಕಲ್ಲು ತೆಗೆಯೋ ಕೆಲಸ ಒಂದರಿಂದಲೇ ಸುಮಾರು 2,300 ಜನಕ್ಕೆ ದುಡಿಮೆ, ವರ್ಷಕ್ಕೆ ಐದೂವರೆ ಕೋಟಿ ರೂಪಾಯಿಗೂ ಮೀರಿದ ವಹಿವಾಟು ಇತ್ತು. ಈ ಲೆಕ್ಕ 2008ರ ಹೊತ್ತಿನದು, ಆಗಿನ ಬೆಲೆಯಲ್ಲಿ.

ಯಾರು ಈ ಕೆಲಸ ಮಾಡೋರು? ಇಳಿತದ ಹೊತ್ತಿಗೆ ಪಾತಿ ದೋಣಿಯಲ್ಲಿ ಬಂದು, ಸೊಂಟದ ಮಟ್ಟ ನೀರಲ್ಲಿ ನಿಂತು, ಕಾಲಲ್ಲಿ ತಡವಿ ಕೈಯಲ್ಲಿ ಆರಿಸೋ ಜನ. ಅವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದಾರೆ. ಬಂಡವಾಳ ಅಂದ್ರೆ ಒಂದು ಬುಟ್ಟಿ, ಎರಡು ಕೈ. ಬ್ಯಾಂಕ್ ಸಾಲ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಇಳಿತ ಆದಾಗ ಬಾಗಿಲು ತೆಗೆಯೋ ಬ್ಯಾಂಕ್ ಅದು. ಹೇಳಿ ತಾಯಿ, ಅಲ್ಲೇನೂ ಇಲ್ವಾ?

ಈಗ ಒಂದು ಕಷ್ಟದ ಪ್ರಶ್ನೆ. ಶರಾವತಿಯ ನೀರು ಕರೆಂಟ್ ಆಗಿ ಎಲ್ಲಿಗೆ ಹೋಯ್ತು? 1,035 ಮೆಗಾವಾಟ್‌ನ ಶರಾವತಿ ವಿದ್ಯುತ್ ಕೇಂದ್ರ ದಶಕಗಳ ಕಾಲ ಈ ರಾಜ್ಯದ ದೀಪ ಉರಿಸಿದೆ. ನಿಮ್ಮ ಮನೆಯ ಮಿಕ್ಸಿ, ನಮ್ಮ ಸ್ಟುಡಿಯೋದ ಲೈಟು, ಇಂದಿರಾನಗರದ ಹೋಟೆಲ್‌ಗಳ ಬೋರ್ಡು, ಎಲ್ಲದರಲ್ಲೂ ಆ ನದಿಯ ಪಾಲಿದೆ. ಕರೆಂಟ್ ಬೇಡ ಅಂತ ನಾನು ಹೇಳಲ್ಲ. ಹೇಳಿದ್ರೆ ಈ ಕಾರ್ಯಕ್ರಮವೇ ನಿಮಗೆ ಕಾಣಲ್ಲ! ಆದ್ರೆ ಲೆಕ್ಕ ಗೊತ್ತಿರಬೇಕು. ಒಂದು ಕಡೆ ದೀಪ ಹತ್ತಿದಾಗ ಇನ್ನೊಂದು ಕಡೆ ಬುಟ್ಟಿ ಖಾಲಿಯಾಯ್ತು. ಬಿಲ್‌ನಲ್ಲಿ ಅದು ಬರಲಿಲ್ಲ.

ಕರೆಂಟ್ ಆಯ್ತು, ಮುಂದೆ ನಲ್ಲಿ. 2019ರಲ್ಲಿ ಸರ್ಕಾರ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಕುಡಿಯೋ ನೀರು ತರೋ ಮಾತಾಡಿತು. ಮಲೆನಾಡು ಎದ್ದು ನಿಂತಿತು, ಆ ವರ್ಷದ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಅಘನಾಶಿನಿಯನ್ನ ಪೂರ್ವಕ್ಕೆ ತಿರುಗಿಸಿ ವೇದಾವತಿಗೆ ಸೇರಿಸೋ ಯೋಜನೆಯ ಮಾತು ಆಗಾಗ ಮೇಲೆ ಬರ್ತಾನೇ ಇದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ ಸ್ವಾಮಿ. 2024ರ ಬೇಸಿಗೆಯಲ್ಲಿ ಇದೇ ಪೂರ್ವ ಬೆಂಗಳೂರು, ಕೆ.ಆರ್. ಪುರಂ, ಮಹದೇವಪುರ ಕಡೆ ಜನ ಟ್ಯಾಂಕರ್ ಹಿಂದೆ ಓಡಿದ್ದನ್ನ ನಾವೇ ತೋರಿಸಿದ್ದೀವಿ. ಆದ್ರೆ ಪ್ರತಿ ಸಲ ಕೇಳಿಬರೋ ವಾದ ಯಾವುದು ನೋಡಿ: "ಪಶ್ಚಿಮಕ್ಕೆ ಹರಿಯೋ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥ ಆಗುತ್ತೆ."

ವ್ಯರ್ಥ? ಇವತ್ತಿನ ಮಾತಲ್ಲಿ ನೀವು ಇದೊಂದನ್ನು ನೆನಪಿಟ್ಟುಕೊಂಡ್ರೆ ಸಾಕು ವೀಕ್ಷಕರೇ. ಸಮುದ್ರಕ್ಕೆ ಹೋಗೋ ನೀರು ವ್ಯರ್ಥ ಅಲ್ಲ. ಆ ನೀರು ಸಮುದ್ರ ಸೇರೋ ಮುಂಚೆ ಕೊನೆಯ ಕೆಲಸ ಮಾಡೋ ಜಾಗವೇ ಈ ಜೌಗು. ಸಿಹಿ ಹೆಚ್ಚಾದ್ರೂ ಅಳಿವೆ ಸಾಯುತ್ತೆ, ಅದು ಶರಾವತಿಯ ಪಾಠ. ಸಿಹಿ ನಿಂತೇ ಹೋದ್ರೂ ಅಳಿವೆ ಸಾಯುತ್ತೆ, ಆ ಪಾಠವನ್ನ ಅಘನಾಶಿನಿಯಲ್ಲಿ ಕಲಿಯೋದು ಬೇಡ.

2024ರ ಜನವರಿ 31ರಂದು ಕೇಂದ್ರ ಸರ್ಕಾರ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ್ದನ್ನ ಪ್ರಕಟಿಸಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಅದೇ ದಿನ ಸೇರಿದ್ದು. ರಾಮ್ಸರ್ ಅಂದ್ರೆ ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ಜೌಗು ಪ್ರದೇಶಗಳ ರಕ್ಷಣೆಗೆ ದೇಶಗಳು ಒಪ್ಪಂದ ಮಾಡಿಕೊಂಡವು. ಅಘನಾಶಿನಿಯ ವಿಸ್ತಾರ 4,801 ಹೆಕ್ಟೇರ್. ಮೀನುಗಾರಿಕೆ, ಬೇಸಾಯ, ಚಿಪ್ಪಿಕಲ್ಲು, ಏಡಿ, ಉಪ್ಪು ಎಲ್ಲಾ ಸೇರಿ 6,000ದಿಂದ 7,500 ಕುಟುಂಬಗಳ ಬದುಕಿಗೆ ಅದು ಆಧಾರ ಅಂತ ಕೇಂದ್ರ ಸರ್ಕಾರದ ಪ್ರಕಟಣೆಯೇ ಹೇಳುತ್ತೆ. ಅದಕ್ಕೂ ಕೆಲವು ವರ್ಷ ಮುಂಚೆ ಇದೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟೋ ಯೋಜನೆ ಇತ್ತು! ಊರಿನವರು ಒಪ್ಪಲಿಲ್ಲ, ಯೋಜನೆ ನಿಂತಿತು. ಆಮೇಲೆ ಬಂದರಿನ ಮಾತು ಬಂತು. ಯೋಜನೆ ಹಾಕಿದವರ ಕಣ್ಣಿಗೆ ಅಲ್ಲಿ ಕಂಡಿದ್ದೂ ಏನು? ಖಾಲಿ ಜಾಗ.

ಖಾಲಿ ಜಾಗ ಅಂದ್ರಲ್ಲ, ಅಲ್ಲಿ ಬೆಳೆಯೋ ಅಕ್ಕಿಯ ಕಥೆ ಹೇಳ್ತೀನಿ. ಬೆಂಗಳೂರಿನವರಿಗೆ ಕಗ್ಗ ಅಂದ್ರೆ ಡಿವಿಜಿಯವರ ಮಂಕುತಿಮ್ಮ. ಕುಮಟಾದವರಿಗೆ ಕಗ್ಗ ಅಂದ್ರೆ ಭತ್ತ. ಉಪ್ಪು ನೀರನ್ನೂ ನೆರೆಯನ್ನೂ ತಡೆದುಕೊಂಡು ಬೆಳೆಯೋ ಭತ್ತ. ಮಾಣಿಕಟ್ಟಾ ಸುತ್ತಮುತ್ತ ಈಗಲೂ ಬೆಳೀತಾರೆ. ಅದು ಬೆಳೆಯೋ ಗದ್ದೆಗೆ ಗಜನಿ ಅಂತ ಹೆಸರು. ಮಳೆಗಾಲಕ್ಕೆ ಮುಂಚೆ ಒಡ್ಡು ಸರಿ ಮಾಡಿ ಸಮುದ್ರದ ನೀರನ್ನ ಹೊರಗಿಡ್ತಾರೆ. ಮಳೆ ಗದ್ದೆಯ ಉಪ್ಪನ್ನ ತೊಳೆಯುತ್ತೆ. ಮೊಳಕೆ ಬಂದ ಬೀಜ ಎರಚ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆಗೆದು ಸಮುದ್ರದ ನೀರು ಒಳಗೆ ಬಿಡ್ತಾರೆ. ನೀರಿನ ಜೊತೆ ಮೀನು ಮರಿ, ಸಿಗಡಿ ಮರಿ ಬರುತ್ತೆ, ಆ ಹುಲ್ಲಿನ ನಡುವೆ ಬೆಳೆಯುತ್ತೆ. ಒಂದೇ ನೆಲ, ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನಿನ ಕೊಳ. ಹಾಲಕ್ಕಿಗಳು, ಪಟಗಾರರು, ಅಂಬಿಗರು, ಹರಿಕಂತರು ಹೀಗೆ ಒಂದೊಂದು ಸಮುದಾಯಕ್ಕೂ ಈ ಅಳಿವೆಯಲ್ಲಿ ಒಂದೊಂದು ಪಾಲು.

ಇಲ್ಲಿ ಖಳನಾಯಕ ಬರೀ ಹೊರಗಿನವನು ಅಂತ ಹೇಳಿದ್ರೆ ಅದು ಅರ್ಧ ಸತ್ಯ. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಶಾಶ್ವತ ಒಡ್ಡು ಕಟ್ಟಿಸಿತು. ಅನುಕೂಲವೇ ಆಯ್ತು. ಆದ್ರೆ ಊರವರೆಲ್ಲಾ ಸೇರಿ ವರ್ಷ ವರ್ಷ ಮಣ್ಣಿನ ಕಟ್ಟೆ ಕಟ್ಟೋ ರೂಢಿ ಸಡಿಲ ಆಯ್ತು. ಆಮೇಲೆ ಸಿಗಡಿಗೆ ಬೆಲೆ ಬಂತು. ಗಜನಿಯನ್ನ ಗುತ್ತಿಗೆ ಹಿಡಿದವರು ವರ್ಷ ಪೂರ್ತಿ ಉಪ್ಪು ನೀರು ನಿಲ್ಲಿಸಿದ್ರು. ಭತ್ತ ಬಿಟ್ಟುಹೋಯ್ತು. 90ರ ದಶಕದಲ್ಲಿ ಸಿಗಡಿಗೆ ರೋಗ ಬಂತು, ದುಡ್ಡೂ ಹೋಯ್ತು. ಒಡ್ಡಿನ ಅಂಚಿನ ಕಾಂಡ್ಲಾ ಕಡಿದ ಕಡೆ ಅಲೆ ಹೊಡೆದು ಒಡ್ಡೂ ಬಿರುಕು ಬಿಟ್ಟಿತು. ದುರಾಸೆಗೆ ಊರಿನವನು, ಪರಊರಿನವನು ಅಂತ ಭೇದ ಇಲ್ಲ ಸ್ವಾಮಿ. ಆದ್ರೂ ಹಠ ಹಿಡಿದು ಬೀಜ ಉಳಿಸಿಕೊಂಡವರು ಅಲ್ಲಿದ್ದಾರೆ. ಸಮುದ್ರ ಮಟ್ಟ ಏರ್ತಾ ಇರೋ ಕಾಲದಲ್ಲಿ, ಉಪ್ಪು ತಡೆಯೋ ಒಂದು ಹಿಡಿ ಬೀಜ ಎಂಥ ಆಸ್ತಿ ಅನ್ನೋದು ಲ್ಯಾಬ್‌ನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.

ಉಪ್ಪಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಅದೇ ಅಳಿವೆಯ ದಡದ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪಿನ ಆಗರ ಇದೆ. ಗಾಂಧೀಜಿ ದಂಡಿಗೆ ನಡೆದ 1930ರ ಅದೇ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ್ರು. ಬ್ರಿಟಿಷ್ ಸಾಮ್ರಾಜ್ಯಕ್ಕೆ ಈ ಕರಾವಳಿಯ ಜನ ಸವಾಲು ಹಾಕಿದ್ದು ಕತ್ತಿಯಿಂದಲ್ಲ, ಒಂದು ಹಿಡಿ ಉಪ್ಪಿನಿಂದ. ಅದು ಬಂದಿದ್ದೂ ಸಮುದ್ರದ ಅಂಚಿನಿಂದಲೇ.

ಹಾಗಾದ್ರೆ ಹೋಗಬೇಕಾ, ಬೇಡವಾ? ಹೋಗಿ. ಖಂಡಿತ ಹೋಗಿ. ಕಾಂಡ್ಲಾ ಕಾಡು, ಉಪ್ಪು ಜೌಗು, ಜೀವ ಇರೋ ಕೆಸರು ಬಯಲು, ಇವನ್ನೆಲ್ಲ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಅತಿ ಸೂಕ್ಷ್ಮ ಪ್ರದೇಶದ ಸಾಲಿಗೆ ಸೇರಿಸಿದೆ. ಅದೇ ಅಧಿಸೂಚನೆ, ಯೋಜನೆಗೆ ಒಪ್ಪಿಗೆ ಪಡೆದು ಕಾಂಡ್ಲಾ ನಡಿಗೆಯಂಥ ಪ್ರವಾಸ ಮಾಡಬಹುದು ಅಂತಲೂ ಹೇಳುತ್ತೆ. ಹೊನ್ನಾವರದಲ್ಲಿ ಹಲಗೆ ದಾರಿ ಇದೆ, ಕಾರವಾರದಲ್ಲಿ ಕಾಳಿ ನದಿಯ ಕಡೆಯೂ ಇದೆ. ಹಲಗೆ ಹಾಕಿರೋದೇ ನಿಮ್ಮ ಕಾಲು ಕೆಸರು ತುಳಿಯದೇ ಇರಲಿ ಅಂತ. ಕೆಸರಿನ ಒಳಿತಿಗೆ, ನಿಮ್ಮ ಚಪ್ಪಲಿಯ ಒಳಿತಿಗಲ್ಲ!

ಸಂಜೆ ಬೆಂಗಳೂರಲ್ಲಿ ಕಾರವಾರದ ರೈಲು ಹತ್ತಿದ್ರೆ ಬೆಳಿಗ್ಗೆ ಕುಮಟಾ. ಹೋಗೋ ಮುಂಚೆ ಭರತ ಇಳಿತದ ಸಮಯ ನೋಡಿಕೊಳ್ಳಿ. ಅದು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಇಳಿತ ಶುರುವಾಗೋ ಹೊತ್ತಿಗೆ ಹೋಗಿ ಎರಡು ಗಂಟೆ ನಿಲ್ಲಿ. ಹದಿನೈದು ನಿಮಿಷ ಸಾಲಲ್ಲ. ಮಕ್ಕಳ ಕೈಯಿಂದ ಮೊಬೈಲ್ ಇಸ್ಕೊಂಡು, ನೀರು ಎಷ್ಟು ಇಳೀತು ಅಂತ ಒಂದು ಬೇರಿನ ಮೇಲೆ ಗುರುತು ಹಿಡಿಯೋಕೆ ಹೇಳಿ. ಏಡಿ ಬಿಲದಿಂದ ಬರೋದು, ಹಕ್ಕಿ ಕೆಸರಿಗೆ ಇಳಿಯೋದು ಆಗಲೇ. ಚಳಿಗಾಲದಲ್ಲಿ ಹೋದ್ರೆ ದೂರದ ದೇಶಗಳಿಂದ ಬಂದ ಹಕ್ಕಿಗಳೂ ಕಾಣ್ತವೆ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ. ಗಜನಿ ಒಡ್ಡಿನ ಮೇಲೆ ಹತ್ತೋ ಮುಂಚೆ ಊರಿನವರನ್ನ ಕೇಳಿ, ಅದು ಪಾರ್ಕ್ ಅಲ್ಲ, ಅವರ ಗದ್ದೆಯ ಗೋಡೆ. ನೀರಲ್ಲಿ ನಿಂತ ಹೆಂಗಸರ ಫೋಟೋ ಕೇಳದೆ ತೆಗೀಬೇಡಿ. ನಿಮ್ಮ ಆಫೀಸಿಗೆ ಯಾರಾದ್ರೂ ನುಗ್ಗಿ ಹಾಗೆ ತೆಗೆದ್ರೆ ಸುಮ್ಮನಿರ್ತೀರಾ? ಸಿಕ್ಕಿದ್ರೆ ಕಗ್ಗದ ಅಕ್ಕಿ, ಸಾಣಿಕಟ್ಟಾ ಉಪ್ಪು ಕೊಂಡು ತನ್ನಿ. ಚಿಪ್ಸ್ ಪೊಟ್ಟಣ ಮಾತ್ರ ವಾಪಸ್ ಬ್ಯಾಗಿಗೆ ಹಾಕ್ಕೊಳ್ಳಿ.

ಸರ್ಕಾರಕ್ಕೆ ನಾನು ಕೇಳೋದು ಎರಡೇ. ಒಂದು, ರಾಮ್ಸರ್ ಅನ್ನೋ ಪಟ್ಟ ಬೋರ್ಡಿನ ಮೇಲೆ ಬಿದ್ದ ಹಾಗೆ ಕಡತದಲ್ಲೂ ಬೀಳಲಿ. ನದಿ ತಿರುಗಿಸೋ, ಬಂದರು ಕಟ್ಟೋ ಯಾವ ಯೋಜನೆ ಬಂದ್ರೂ ಮೊದಲ ಪುಟದಲ್ಲೇ ಅಳಿವೆಗೆ ಎಷ್ಟು ಸಿಹಿನೀರು, ಯಾವ ತಿಂಗಳಲ್ಲಿ ಬೇಕು ಅನ್ನೋ ಲೆಕ್ಕ ಇರಲಿ. ಎರಡು, ಆ ಲೆಕ್ಕ ಹಾಕುವಾಗ ಬುಟ್ಟಿ ಹಿಡಿದು ನೀರಿಗೆ ಇಳಿಯೋರಿಗೆ ಒಂದು ಕುರ್ಚಿ ಹಾಕಿ ಕೂರಿಸಿ ಕೇಳಿ. ಯಾವ ತಿಂಗಳಲ್ಲಿ ನೀರು ಸಿಹಿ, ಯಾವಾಗ ಉಪ್ಪು ಅನ್ನೋದು ಅವರ ಕಾಲಿಗೇ ಗೊತ್ತು.

ನಮಗೆ, ನಗರದವರಿಗೆ ಹೇಳೋದು ಒಂದೇ. ಮುಂದಿನ ಸಲ ಯಾರಾದ್ರೂ ವೇದಿಕೆ ಮೇಲೆ ನಿಂತು "ನಿಮ್ಮ ಬೆಂಗಳೂರಿಗಾಗಿ, ಸಮುದ್ರಕ್ಕೆ ಹೋಗಿ ವ್ಯರ್ಥವಾಗೋ ನೀರು ತರ್ತೀವಿ" ಅಂದಾಗ ಚಪ್ಪಾಳೆ ತಟ್ಟೋ ಮುಂಚೆ ಒಂದು ನಿಮಿಷ ತಡೀರಿ. ಮಳೆನೀರು ಹಿಡಿದ್ವಾ? ಇರೋ ಕೆರೆ ಉಳಿಸಿದ್ವಾ? ಪೈಪಿನ ಸೋರಿಕೆ ನಿಲ್ಲಿಸಿದ್ವಾ? ಇದಕ್ಕೆಲ್ಲ ಹೌದು ಅನ್ನೋ ಉತ್ತರ ಬಂದ ಮೇಲೆ ಪಶ್ಚಿಮಕ್ಕೆ ಕೈ ಚಾಚೋ ಮಾತು. ನಮ್ಮ ಕೆರೆಗಳನ್ನ ಖಾಲಿ ಜಾಗ ಅಂತ ಕರೆದು ಕಳೆದುಕೊಂಡಿದ್ದೀವಿ. ಇನ್ನೊಬ್ಬರ ಅಳಿವೆಯನ್ನ ಅದೇ ಹೆಸರಿಂದ ಕರೆಯೋ ಹಕ್ಕು ನಮಗಿಲ್ಲ.

ಇಷ್ಟು ಇವತ್ತಿನ ಮಾತು.